ಅಲುಗುವುದನ್ನಷ್ಟೇ ತಿನ್ನುವವು

ಮಾರ್ಚ್ 4

ಸೊಸೆಗೆ,

ನೀನು ಹೋಗಿ ತಿಂಗಳಾಗುತ್ತ ಬಂತು. ವರ್ಗವಾದ ಊರು ಮುಟ್ಟಿದೆಯೆಂದು ಇಲ್ಲಿನ ಬಸ್ ಡಿಪೋದವರು ಹೇಳಿದರು, ನೀನು ಹೇಳಲಿಲ್ಲ. ಇರಲಿ. ಫೋನ್ ಮಾಡಿದ್ದರೂ ನಾನು ಎತ್ತುತ್ತಿರಲಿಲ್ಲ. ಲಿಫ್ಟ್ ರಿಪೇರಿಗೆ ಹೋದ ನನ್ನ ಮಗ ಇನ್ನಿಲ್ಲವೆಂದು ಹೇಳಿದ ಫೋನು ಅದು. ತಂತಿ ಕಿತ್ತು ಕಪಾಟಿನ ಮೇಲೆ ಇಟ್ಟಿದ್ದೇನೆ. ಅದಕ್ಕೇ ಕಾಗದ.

ವಿಷಯ ಏನೆಂದರೆ, ನಿನ್ನ ಗಂಡನ ಹಲ್ಲಿಗಳು ಇಲ್ಲೇ ಉಳಿದಿವೆ. ನಿನ್ನ ಡ್ರೈವರ್ ಯೂನಿಫಾರ್ಮು, ಛತ್ರಿ, ಟಾರ್ಚು ಎಲ್ಲ ನೆನಪಿಟ್ಟು ಕಟ್ಟಿಕೊಂಡು ಹೋದವಳು ಇವನ್ನು ಮಾತ್ರ ಬಿಟ್ಟೆ. ನಾನು ಆ ಕೋಣೆಗೆ ಹೋಗುತ್ತಿರಲಿಲ್ಲ. ಮೊನ್ನೆ ಗಾಳಿಗೆ ಕಿಟಕಿ ಬಡಿಯುತ್ತಿತ್ತೆಂದು ಹೋದೆ. ಗಾಜಿನ ತೊಟ್ಟಿಯೊಳಗಿಂದ ಆ ಕಪ್ಪು ಮೈಯ ಹಳದಿ ಮಚ್ಚೆಯದು ನನ್ನನ್ನೇ ನೋಡುತ್ತ ಕೂತಿತ್ತು. ಅದು ಬದುಕಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಬ್ರೆಡ್ಡಿನ ಚೂರು ಹಾಕಿದೆ. ಬೇಯಿಸಿದ ಮೊಟ್ಟೆ ಹಾಕಿದೆ. ಸಣ್ಣಗೆ ಕೊಚ್ಚಿದ ಮಾಂಸ ಹಾಕಿದೆ. ಎಲ್ಲ ಇಟ್ಟಲ್ಲೇ ಒಣಗಿತು. ಕೊನೆಗೆ ಫ್ರಿಜ್ಜಿನ ಮೂಲೆಯಲ್ಲಿ ಒಂದು ಕಾಫಿಪುಡಿಯ ಡಬ್ಬ ಸಿಕ್ಕಿತು. ಇವಕ್ಕೆ ಸಿಗದಿದ್ದರೆ ನನಗಾದರೂ ಸಿಗಲಿ ಎಂದು ಮುಚ್ಚಳ ತೆಗೆದೆ. ಒಳಗೆ ಮಣ್ಣು, ಮಣ್ಣಿನೊಳಗೆ ಎರೆಹುಳಗಳು, ಜೀವಂತ! ಅದರ ಪಕ್ಕದಲ್ಲೇ ಇಷ್ಟು ದಿನ ನನ್ನ ಹಾಲಿನ ಪಾತ್ರೆ ಇರುತ್ತಿತ್ತು.

ರಜೆ ಹಾಕಿ ಬಾ. ಬಂದು ತೆಗೆದುಕೊಂಡು ಹೋಗು.

ಇಂತಿ,
ಅವನ ತಾಯಿ


ಮಾರ್ಚ್ 11

ಅತ್ತೆಯವರಿಗೆ,

ಕಾಗದ ಸಿಕ್ಕಿತು. ಅವು ಹಲ್ಲಿಗಳಲ್ಲ, ಕಪ್ಪೆಯ ಬಳಗ. ದೊಡ್ಡದು ಸಾಲಮ್ಯಾಂಡರ್. ಕರೆದರೆ ತಿರುಗಿ ನೋಡುವುದಿಲ್ಲ, ತನಗೆ ಬೇಕಾದಾಗಷ್ಟೇ ಹೊರಗೆ ಬರುತ್ತದೆ ಎಂದು ನಿಮ್ಮ ಮಗ ಅದನ್ನು ಸಾಹೇಬ ಅನ್ನುತ್ತಿದ್ದರು. ತೊಗಟೆಯ ಕೆಳಗೆ ಇನ್ನೆರಡಿವೆ, ನೀವು ನೋಡಿದಿರೋ ಇಲ್ಲವೋ. ಕಂದು ಬಣ್ಣ, ಬೆರಳುದ್ದ. ಅವು ನ್ಯೂಟ್, ಸಾಲಮ್ಯಾಂಡರಿನದೇ ಸಣ್ಣ ಜಾತಿ. ಅವಕ್ಕೆ ಹೆಸರಿಲ್ಲ, ಜೋಡಿ ಅನ್ನುತ್ತಿದ್ದರು ಅಷ್ಟೇ.

ಇಲ್ಲಿಗೆ ತರಲು ಆಗುವುದಿಲ್ಲ. ನನ್ನ ಕೋಣೆ ಇಸ್ತ್ರಿ ಅಂಗಡಿಯ ಮೇಲಿದೆ, ಬೆಳಗಿನಿಂದ ಸಂಜೆಯವರೆಗೆ ನೆಲ ಕಾವಲಿಯ ಹಾಗೆ ಕಾಯುತ್ತದೆ. ಅವಕ್ಕೆ ತಂಪು ಬೇಕು, ಇಲ್ಲಿ ಒಂದು ವಾರ ಬದುಕಲಾರವು. ಹೊರಗೆ ಬಿಟ್ಟುಬಿಡಬೇಡಿ. ಅವು ಈ ಕಡೆಯ ಪ್ರಾಣಿಗಳಲ್ಲ. ಸಾಕುಪ್ರಾಣಿ ಅಂಗಡಿಯೊಂದು ಮುಚ್ಚುವಾಗ ಅದರ ಲಿಫ್ಟ್ ಬಿಚ್ಚಲು ಹೋದವರಿಗೆ ಅಲ್ಲಿನವರು ಕೊಟ್ಟು ಕಳಿಸಿದವು.

ಅವು ಸತ್ತದ್ದನ್ನು ತಿನ್ನುವುದಿಲ್ಲ. ನೆಲದ ಮೇಲಿರುವಾಗ ಅಲುಗದಿದ್ದರೆ ಅದು ಊಟವೆಂದೇ ಅವಕ್ಕೆ ತಿಳಿಯುವುದಿಲ್ಲ. ಹುಳವನ್ನು ತಣ್ಣೀರಿನಲ್ಲಿ ತೊಳೆದು ಮಣ್ಣು ತೆಗೆಯಿರಿ. ಚಿಮಟದಲ್ಲಿ ಮೆಲ್ಲಗೆ, ಮಧ್ಯದಲ್ಲಿ ಹಿಡಿದು ಮೂತಿಯ ಮುಂದೆ ತನ್ನಿ. ಮೂತಿಗೆ ತಾಗಿಸಬೇಡಿ, ಚುಚ್ಚಬೇಡಿ. ಹುಳ ತಾನೇ ಅಲುಗುತ್ತದೆ, ನೀವು ಸುಮ್ಮನೆ ಹಿಡಿದಿರಬೇಕು. ಮಣ್ಣಿನ ಮೇಲೆ ಬಿಟ್ಟರೆ ತೂರಿಕೊಂಡು ಹೋಗಿಬಿಡುತ್ತದೆ, ಬಿಡುವುದಾದರೆ ಒಂದು ಚಪ್ಪಟೆ ಮುಚ್ಚಳದಲ್ಲಿ ಬಿಡಿ. ಬೆಳಕು ಕಡಿಮೆ ಇರಲಿ. ವಾರಕ್ಕೆರಡು ಸಲ ಸಾಕು. ಮುಟ್ಟಿದರೆ ಕೈ ತೊಳೆದುಕೊಳ್ಳಿ, ಮೈಯಲ್ಲಿ ವಿಷವಿರುತ್ತದೆ.

ಟಾರ್ಚ್ ನನ್ನದಲ್ಲ, ಅವರದ್ದು. ಬೇಕಿದ್ದರೆ ಕಳಿಸುತ್ತೇನೆ.

ಸೊಸೆ


ಮಾರ್ಚ್ 19

ಸೊಸೆಗೆ,

ತಿನ್ನಿಸಿದೆ.

ಹೆಡ್ ನರ್ಸ್ ಆಗಿ ನಿವೃತ್ತಳಾದವಳು ನಾನು. ಕೀವಿಗೆ, ರಕ್ತಕ್ಕೆ, ವಾಂತಿಗೆ ಮುಖ ತಿರುಗಿಸಿದವಳಲ್ಲ. ಆದರೂ ಆ ಡಬ್ಬದೊಳಗೆ ಬೆರಳು ಹಾಕುವ ಮೊದಲು ಎರಡು ಸಲ ಮುಚ್ಚಳ ತೆಗೆದು ಮತ್ತೆ ಹಾಕಿದೆ. ವಾರ್ಡಿನ ಕಾಲದ ಚಿಮಟವೊಂದು ಡ್ರಾಯರಿನಲ್ಲಿತ್ತು. ಅದನ್ನು ಕುದಿಯುವ ನೀರಿನಲ್ಲಿ ಹಾಕಿ ಕಾಯುತ್ತ ನಿಂತೆ. ಹುಳ ತಿನ್ನುವವನಿಗೆ ಕುದಿಸಿದ ಚಿಮಟ! ಮಾಡಿ ಮುಗಿದ ಮೇಲೆ ಹೊಳೆಯಿತು.

ಹುಳ ಚಿಮಟಕ್ಕೇ ಸುತ್ತಿಕೊಂಡಿತು. ಸಾಹೇಬನ ಮುಂದೆ ಹಿಡಿದೆ. ಅವನು ಕದಲಲಿಲ್ಲ. ನನ್ನ ಕೈ ಸೋತಿತು, ಮೊಣಕೈಯನ್ನು ತೊಟ್ಟಿಯ ಅಂಚಿಗೆ ಊರಿದೆ. ಆಗ ಹುಳದ ಬಾಲ ಬಿಚ್ಚಿಕೊಂಡು ಮೇಲೆದ್ದಿತು. ಸಾಹೇಬ ತಲೆ ತಿರುಗಿಸಿದ. ಒಂದು ಕೈ ಮುಂದಿಟ್ಟ, ನಿಂತ, ಇನ್ನೊಂದು ಕೈ ಮುಂದಿಟ್ಟ. ಆಮೇಲೆ ನನಗೆ ಕಂಡದ್ದೇ ಇಲ್ಲ, ಚಿಮಟಕ್ಕೆ ಒಂದು ಸಣ್ಣ ಜಗ್ಗು ಬಂತು ಅಷ್ಟೇ. ನುಂಗುವಾಗ ಅವನ ಕಣ್ಣುಗಳು ಒಳಕ್ಕೆ ಹೋಗುತ್ತವೆ, ನೋಡಿದ್ದೀಯಾ? ಗುಳಿಗೆ ನುಂಗುವ ಮುದುಕರೂ ಹಾಗೇ ಕಣ್ಣು ಒತ್ತಿ ಮುಚ್ಚುತ್ತಿದ್ದರು.

ಕೆಳಮನೆಯ ಟೀಚರಮ್ಮ ಬಂದವಳು ಬಾಗಿಲಲ್ಲೇ ನಿಂತಳು. "ಅಯ್ಯಯ್ಯೋ, ಜೀವ ಇರೋ ಹುಳಾನೇ ಕೊಡ್ತೀರಾ?"

"ಸತ್ತಿದ್ದು ಅದರ ಕಣ್ಣಿಗೇ ಬೀಳಲ್ವಂತೆ."

"ಹುಳಕ್ಕೆ ಪಾಪ ಅನ್ಸಲ್ವಾ?"

"ನೀವು ಕೋಳಿ ತಿನ್ನೋವಾಗ ಅದನ್ನ ಕೇಳ್ಕೊಂಡು ತಿಂತೀರಾ?"

ಆಮೇಲೆ ಕೂತು ಎರಡನೆಯ ಹುಳವನ್ನೂ ನೋಡಿಯೇ ಹೋದಳು.

ಜೋಡಿ ತಿನ್ನಲಿಲ್ಲ. ತೊಗಟೆ ಎತ್ತಿದರೆ ಇನ್ನೂ ಒಳಗೆ ಸರಿಯುತ್ತವೆ. ಮೈ ಸಣ್ಣಗಾಗಿದೆ ಅನ್ನಿಸುತ್ತದೆ, ಮೊದಲು ಹೇಗಿದ್ದವೋ ನನಗೆ ಗೊತ್ತಿಲ್ಲ. ಏನು ಮಾಡಬೇಕು ಬರೆ.

ಟಾರ್ಚ್ ನಿನ್ನ ಹತ್ತಿರವೇ ಇರಲಿ.

ಅವನ ತಾಯಿ


ಏಪ್ರಿಲ್ 2

ಅತ್ತೆಯವರಿಗೆ,

ಬರೆಯಲು ತಡವಾಯಿತು. ತಡವಾಗಿದೆ ಎಂದು ಗೊತ್ತಾಗಿದ್ದೂ ನಿಮ್ಮ ಕಾಗದದ ತಾರೀಕು ನೋಡಿದ ಮೇಲೆ.

ಜೋಡಿ ಹೋದ ಚಳಿಗಾಲದವರೆಗೆ ನೀರಿನಲ್ಲಿದ್ದವು. ನೀರಿನಲ್ಲಿದ್ದಾಗ ಏನು ಹಾಕಿದರೂ ತಿನ್ನುತ್ತಿದ್ದವು. ಆಮೇಲೆ ಅವಾಗಿಯೇ ಕಲ್ಲು ಹತ್ತಿ ಕೂರತೊಡಗಿದವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಗಾದೆ ಇವಕ್ಕಲ್ಲ, ಎರಡೂ ಏರಿಗೇ ಎಳೆಯುತ್ತಿವೆ ಎಂದು ನಿಮ್ಮ ಮಗ ನಗುತ್ತ ಸಾಹೇಬನ ತೊಟ್ಟಿಯ ಒಂದು ಬದಿಗೆ ಅಡ್ಡಗಾಜು ಹಾಕಿ ನೆಲಕ್ಕೆ ತಂದರು. ತಂದು ವಾರವೂ ಆಗಿರಲಿಲ್ಲ, ಅವರೇ ಹೋಗಿಬಿಟ್ಟರು. ಹೊಸದಾಗಿ ನೆಲಕ್ಕೆ ಬಂದವು ಹೆದರುತ್ತವೆ, ಅಡಗುತ್ತವೆ, ತಿನ್ನುವುದನ್ನು ಬಿಡುತ್ತವೆ. ಮತ್ತೆ ನೀರಿಗೆ ಹಾಕಬೇಡಿ, ಈಗ ಮುಳುಗಿ ಸಾಯಬಹುದು. ಹುಳವನ್ನು ತುಂಡು ಮಾಡಿ ಕೊಡಿ. ತುಂಡುಗಳೂ ಸ್ವಲ್ಪ ಹೊತ್ತು ಅಲುಗುತ್ತವೆ. ಅಷ್ಟರೊಳಗೆ ಮೂತಿಯ ಹತ್ತಿರ ಹೋಗಬೇಕು. ತೊಗಟೆ ಪೂರ್ತಿ ಎತ್ತಬೇಡಿ, ಒಂದು ಬದಿಯಿಂದ ಒಳಕ್ಕೆ ಹಿಡಿಯಿರಿ.

ಇಲ್ಲಿ ನನಗೆ ಕಾರ್ಖಾನೆಯ ರೂಟ್ ಕೊಟ್ಟಿದ್ದಾರೆ. ಸ್ಟೇಷನ್ನಿನಿಂದ ಕಾರ್ಖಾನೆ, ಕಾರ್ಖಾನೆಯಿಂದ ಹಳೆ ಕಲ್ಲುಗಣಿ, ಅಲ್ಲಿ ಬಸ್ ತಿರುಗಿಸಿಕೊಂಡು ವಾಪಸ್. ಕಷ್ಟವಿಲ್ಲ. ಕೈಕಾಲು ತಮ್ಮ ಕೆಲಸ ತಾವು ಮಾಡುತ್ತವೆ. ಊಟ ಆಯಿತೋ ಇಲ್ಲವೋ ಎಂದು ತಟ್ಟೆ ನೋಡಿ ತಿಳಿದುಕೊಳ್ಳುತ್ತೇನೆ. ಮೊನ್ನೆ ಬಿಸಿ ಎಂಜಿನ್ ಮುಟ್ಟಿ ಅಂಗೈ ಸುಟ್ಟಿತು. ಗುಳ್ಳೆ ಎದ್ದದ್ದನ್ನು ಕಂಡಕ್ಟರ್ ತೋರಿಸಿದ.

ಅವರು ಹೋದ ದಿನ ಎಲ್ಲರ ಮುಂದೆ ನೀವು ಒಂದು ಮಾತು ಹೇಳಿದಿರಿ. "ಬಸ್ಸಾದ್ರೂ ಎಣ್ಣೆ ಸುರಿಸುತ್ತೆ, ಇವಳ ಕಣ್ಣಲ್ಲಿ ಒಂದು ಹನಿ ಇಲ್ಲ." ಕೋಪಕ್ಕೆ ಇದನ್ನು ಬರೆಯುತ್ತಿಲ್ಲ. ಕೋಪ ಬಂದಿದ್ದರೆ ಚೆನ್ನಾಗಿರುತ್ತಿತ್ತು. ಮಾತು ಸರಿಯಾಗಿಯೇ ಇತ್ತು ಎಂದು ತಿಳಿಸಲು ಬರೆದೆ. ಆ ಹನಿ ಇನ್ನೂ ಬಂದಿಲ್ಲ.

ಸೊಸೆ


ಏಪ್ರಿಲ್ 14

ಸೊಸೆಗೆ,

ಅಂಗೈಗೆ ಏನು ಹಚ್ಚಿದೆ? ಟೂತ್‌ಪೇಸ್ಟ್ ಹಚ್ಚಿದ್ದರೆ ತೊಳೆದುಬಿಡು. ಗುಳ್ಳೆ ಒಡೆಯಬೇಡ.

ಡಬ್ಬದ ಹುಳ ಮುಗಿಯಿತು. ಟೀಚರಮ್ಮ ತನ್ನ ಗೊಬ್ಬರದ ಬುಟ್ಟಿಯಿಂದ ಸಣ್ಣ ಕೆಂಪು ಹುಳಗಳನ್ನು ತಂದುಕೊಟ್ಟಳು. ಸಾಹೇಬ ಒಂದನ್ನು ಕಚ್ಚಿದ, ತಕ್ಷಣ ಉಗುಳಿದ, ಬಾಯಿಯನ್ನು ಪಾಚಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಒರೆಸಿಕೊಂಡ. ನೋಡಿದರೆ ಆ ಹುಳ ಹಳದಿ ರಸ ಬಿಡುತ್ತದೆ, ವಾಸನೆ ಹೊಲಸು. ಆಸ್ಪತ್ರೆಯ ಊಟ ಬಂದಾಗ ರೋಗಿಗಳು ಮಾಡುತ್ತಿದ್ದ ಮುಖವನ್ನೇ ಸಾಹೇಬ ಮಾಡಿದ.

ಹಾಗಾಗಿ ಪಾರ್ಕಿಗೆ ಹೋದೆ. ನೀರು ಹಾಯಿಸಿದ ಗಿಡಗಳ ಬುಡದಲ್ಲಿ ಮಂಡಿಯೂರಿ ಸೌಟಿನ ಹಿಡಿಯಿಂದ ಕೆದಕುತ್ತಿದ್ದೆ. ಕಾವಲುಗಾರ ಬಂದ.

"ಏನಮ್ಮಾ, ಓಲೆ ಬಿದ್ದುಹೋಯ್ತಾ?"

"ಇಲ್ಲಪ್ಪ, ಊಟಕ್ಕೆ ಹುಡುಕ್ತಿದ್ದೀನಿ."

ಅವನು ನನ್ನ ಕೈ ನೋಡಿದ. ಕೈಯಲ್ಲಿ ಹುಳ. ಹೋಗಿ ತನ್ನ ತಿಂಡಿ ಡಬ್ಬಿ ತಂದ, ಅರ್ಧ ಬ್ರೆಡ್ ಮುರಿದು ಕೊಟ್ಟ. "ತಗೊಳ್ಳಿ, ಅದನ್ನೆಲ್ಲ ತಿನ್ಬಾರ್ದು ಅಜ್ಜಿ." ಬಿಡಿಸಿ ಹೇಳುವ ತ್ರಾಣ ಇರಲಿಲ್ಲ. ತಿಂದೆ. ಈಗ ನಾನು ಹೋದಾಗಲೆಲ್ಲ ಅವನು ತಿಂಡಿ ಕೊಡುತ್ತಾನೆ.

ಪಾರ್ಕಿನ ಹುಳ ಸಾಹೇಬನಿಗೆ ಸೇರಿತು. ಜೋಡಿಗೆ ತುಂಡು ಮಾಡಿ ಹಿಡಿದೆ. ತುಂಡು ಅಲುಗಿತು. ಎರಡೂ ನೋಡಿದವು. ನೋಡಿದವು ಎಂದು ಖಚಿತವಾಗಿ ಹೇಳಬಲ್ಲೆ, ನನ್ನ ಕೆಲಸವೇ ಅದಾಗಿತ್ತು. ಒಂದು ಬಾಯಿ ಕೂಡ ತೆರೆಯಿತು. ಅಷ್ಟರಲ್ಲಿ ತುಂಡು ನಿಂತುಹೋಯಿತು.

ಕೋಣೆ ಮಧ್ಯಾಹ್ನ ಬಿಸಿಯಾಗುತ್ತಿದೆ. ಒದ್ದೆ ಟವೆಲ್ ಹೊದಿಸಿದ್ದೇನೆ. ಸಾಕೋ ಇಲ್ಲವೋ ಬರೆ.

ಅತ್ತೆ


ಏಪ್ರಿಲ್ 30

ಅತ್ತೆಯವರಿಗೆ,

ಟವೆಲ್ ಸಾಲದು. ತೊಟ್ಟಿಯನ್ನು ನೆಲದ ಮೇಲಿಡಿ, ಅಡುಗೆಮನೆಯ ಹಿಂದಿನ ಕತ್ತಲ ಕೋಣೆಯಲ್ಲಿ. ಒಬ್ಬರೇ ಎತ್ತಬೇಡಿ.

ಅಂಗೈ ವಾಸಿಯಾಯಿತು. ಬೇರೆ ಏನೂ ಇಲ್ಲ.

ಸೊಸೆ


ಮೇ 9

ಸೊಸೆಗೆ,

ಜೋಡಿಯಲ್ಲಿ ಒಂದು ಹೋಯಿತು.

ನಿನ್ನ ಕಾಗದ ಬರುವ ಮೊದಲೇ ತೊಟ್ಟಿಯನ್ನು ಕತ್ತಲ ಕೋಣೆಗೆ ಸಾಗಿಸಿದ್ದೆವು, ಟೀಚರಮ್ಮ ಒಂದು ಕಡೆ ಹಿಡಿದಿದ್ದಳು. ಆದರೂ ಇವತ್ತು ಬೆಳಗ್ಗೆ ತೊಗಟೆ ಎತ್ತಿದಾಗ ಒಂದು ಸರಿಯಿತು, ಇನ್ನೊಂದು ಸರಿಯಲಿಲ್ಲ. ಬೆರಳಲ್ಲಿ ಮುಟ್ಟಿದೆ. ನಂತರ ಅಭ್ಯಾಸ ನೋಡು, ಹೊತ್ತು ಬರೆದುಕೊಳ್ಳಲು ಕಣ್ಣು ಗಡಿಯಾರದ ಕಡೆಗೆ ಹೋಯಿತು. ಬರೆದುಕೊಳ್ಳಲು ಯಾರ ಹಾಳೆಯೂ ಇರಲಿಲ್ಲ. ಬ್ಯಾಂಡೇಜ್ ಬಟ್ಟೆಯಲ್ಲಿ ಸುತ್ತಿ ಕುಂಡದಲ್ಲಿ ಹೂತೆ.

ಸುತ್ತುವ ಮೊದಲು ಅದರ ಮುಖ ಸರಿಯಾಗಿ ನೋಡಿದೆ. ಬಾಯಿ ಮುಚ್ಚಿತ್ತು. ಕಣ್ಣು ತೆರೆದಿತ್ತು. ಏನೂ ನೋವು ಕಾಣಲಿಲ್ಲ.

ಅವನ ಮುಖ ನೋಡಲು ಶವಾಗಾರದವರು ನನ್ನನ್ನು ಬಿಡಲಿಲ್ಲ. ನರ್ಸು ಕಣ್ರಪ್ಪಾ, ನಾನು ನೋಡದ್ದು ಏನಿದೆ ಅಂದರೂ ಕೇಳಲಿಲ್ಲ. ಹೆತ್ತವರು ಬೇಡ, ಹೆಂಡತಿ ಸಾಕು ಅಂದರು. ನೀನು ಒಳಗೆ ಹೋದೆ. ಬೇಗ ಬಂದೆ. ಹೇಗಿದ್ದ ಎಂದು ನಾನು ಕೇಳಲಿಲ್ಲ, ನೀನು ಹೇಳಲಿಲ್ಲ. ಈಗಲೂ ಕೇಳುತ್ತಿಲ್ಲ.

ಉಳಿದದ್ದು ಇನ್ನೂ ತಿಂದಿಲ್ಲ.

ಅತ್ತೆ


ಮೇ 27

ಸೊಸೆಗೆ,

ಉತ್ತರ ಬರಲಿಲ್ಲ. ಕಾಗದ ಸಿಕ್ಕಿತೋ ಇಲ್ಲವೋ. ಸಾಹೇಬ ಆರೋಗ್ಯ. ಪೊರೆ ಬಿಟ್ಟ, ಬಿಟ್ಟ ಪೊರೆಯನ್ನು ತಾನೇ ತಿಂದ. ಜೋಡಿಯಲ್ಲಿ ಉಳಿದ ಒಂಟಿಗೆ ಎರಡು ದಿನಕ್ಕೊಮ್ಮೆ ಹಿಡಿಯುತ್ತಿದ್ದೇನೆ. ಹಿಡಿಯುವುದು ನನ್ನ ಕೆಲಸ, ತಿನ್ನುವುದು ಅದರದ್ದು.

ಅತ್ತೆ


ಜೂನ್ 8

ಸೊಸೆಗೆ,

ಕೇಳಬಾರದ್ದನ್ನು ಕೇಳಿದೆನೇನೋ. ಕೇಳುತ್ತಿಲ್ಲ ಎಂದೇ ಬರೆದಿದ್ದೆ. ಒಂದು ಸಾಲು ಬರೆ. ಹುಳದ ವಿಷಯವಾದರೂ ಸರಿ.

ಅತ್ತೆ


ಜೂನ್ 13

ಅಮ್ಮಾವ್ರೇ,

ನಾನು ಇಸ್ತ್ರಿ ಅಂಗಡಿಯವಳು, ನಿಮ್ಮ ಸೊಸೆ ನಮ್ಮ ಮೇಲಿನ ಕೋಣೇಲಿ ಇರೋದು. ನಿಮ್ಮ ಎರಡು ಕಾಗದ ಬಂದು ನನ್ನ ಮೇಜಿನ ಮೇಲೇ ಬಿದ್ದಿದಾವೆ, ಆಕೆ ಇಳಿದು ಬಂದು ತಗೊಂಡಿಲ್ಲ. ಹಿಂದುಗಡೆ ವಿಳಾಸ ಇತ್ತು, ಅದಕ್ಕೆ ಬರೀತಿದೀನಿ. ತಪ್ಪು ತಿಳೀಬೇಡಿ.

ಹೋದ ತಿಂಗಳು ಆಕೆ ಬಸ್ಸನ್ನ ಕಾರ್ಖಾನೆ ಸ್ಟಾಪಲ್ಲಿ ನಿಲ್ಸಿ, ಬಾಗಿಲು ತೆಗೆದು, ಹಾಗೇ ಕೂತುಬಿಟ್ಟರಂತೆ. ಸ್ಟೀರಿಂಗ್ ಮೇಲೆ ಕೈ ಇಟ್ಕೊಂಡು. ಜನ ಕೂಗಿದ್ರು, ಬೈದ್ರು, ಆಮೇಲೆ ಒಬ್ಬೊಬ್ಬರೇ ಇಳಿದು ನಡಕೊಂಡು ಹೋದ್ರು. ಯಾರಿಗೂ ಏಟಾಗಿಲ್ಲ, ಗಾಡಿಗೂ ಏನಾಗಿಲ್ಲ. ಡಿಪೋದವರು ಬಂದು ಬೆರಳು ಬಿಡಿಸಿ ಇಳಿಸಿದ್ರಂತೆ. ಡಾಕ್ಟ್ರು ಸರಿ ಅಂತ ಬರೆದು ಕೊಡೋ ತನಕ ಗಾಡಿ ಇಲ್ಲ ಅಂದಿದಾರೆ. ಆವಾಗಿಂದ ಮಲಗೇ ಇದಾರೆ. ಜ್ವರ ಇಲ್ಲ. ಅಳೋದೂ ಇಲ್ಲ. ನಾನು ತಟ್ಟೆ ಇಟ್ಟು ಬರ್ತೀನಿ, ಸಂಜೆ ತಟ್ಟೆ ಎತ್ಕೊಂಡು ಬರ್ತೀನಿ, ಇಟ್ಟಿದ್ದು ಇಟ್ಟ ಹಾಗೇ ಇರುತ್ತೆ.

ನಿಮಗೂ ಅವರಿಗೂ ಹೇಗೋ ನನಗೆ ಗೊತ್ತಿಲ್ಲ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ಈಗ ಇಬ್ಬರದೂ ಒಂದೇ ಕಾಲ ಅನ್ಸುತ್ತೆ. ಬಂದರೆ ಒಳ್ಳೇದು.

ಇಸ್ತ್ರಿ ಅಂಗಡಿ


ಜೂನ್ 17

ಸೊಸೆಗೆ,

ಶುಕ್ರವಾರದ ರೈಲಿಗೆ ಬರುತ್ತಿದ್ದೇನೆ. ಸ್ಟೇಷನ್ನಿಗೆ ಬರಬೇಡ. ಸಾಹೇಬನನ್ನು ಟೀಚರಮ್ಮನಿಗೆ ಒಪ್ಪಿಸಿದ್ದೇನೆ. ಚಿಮಟ ಹಿಡಿಯುವಾಗ ಕಣ್ಣು ಮುಚ್ಚಿಕೊಳ್ಳುತ್ತಾಳೆ, ಆದರೂ ಹಿಡಿಯುತ್ತಾಳೆ. ಒಂಟಿಯನ್ನು ಡಬ್ಬಿಯಲ್ಲಿ ಒದ್ದೆ ಪಾಚಿ ಹಾಕಿ ಜೊತೆಗೆ ತರುತ್ತೇನೆ. ತಿನ್ನದ ರೋಗಿಯನ್ನು ಬೇರೆಯವರ ಕೈಗೆ ಕೊಟ್ಟು ಡ್ಯೂಟಿ ಮುಗಿಸಿದ ಅಭ್ಯಾಸ ನನಗಿಲ್ಲ. ನಿನ್ನ ಬಚ್ಚಲಿನ ನೆಲ ತಂಪಾಗಿರುತ್ತದೆಯೇ ಎಂದು ಟೀಚರಮ್ಮನಿಂದ ಇಸ್ತ್ರಿ ಅಂಗಡಿಗೆ ಫೋನ್ ಮಾಡಿಸಿ ಕೇಳಿದ್ದೇನೆ. ಇರುತ್ತದಂತೆ.

ಅತ್ತೆ


ಜುಲೈ 14

ಸೊಸೆಗೆ,

ಮನೆ ಮುಟ್ಟಿದೆ. ರೈಲಿನಲ್ಲಿ ಎದುರಿಗೆ ಕೂತವನು ಡಬ್ಬಿಯಲ್ಲಿ ಏನೆಂದು ಕೇಳಿದ. ಔಷಧಿ ಅಂದೆ.

ಟೀಚರಮ್ಮ ಸಾಹೇಬನಿಗೆ ದಿನವೂ ತಿನ್ನಿಸಿದ್ದಾಳೆ, ಹೆಚ್ಚು ಕೊಟ್ಟರೆ ಪ್ರೀತಿ ಎಂದು. ಕುತ್ತಿಗೆಯೇ ಕಾಣದ ಹಾಗೆ ಊದಿದ್ದಾನೆ. ಎರಡು ವಾರ ಪಥ್ಯ ಹಾಕಿದ್ದೇನೆ. ಕಾವಲುಗಾರ ನನ್ನನ್ನು ಕಾಣದೆ ಗಾಬರಿಯಾಗಿದ್ದನಂತೆ.

ಅಷ್ಟು ದಿನ ಜೊತೆಗಿದ್ದೂ ನಾವು ಮಾತಾಡಲಿಲ್ಲ. ನಾನು ತುತ್ತು ಹಿಡಿದೆ, ನೀನು ತಿಂದೆ. ತಲೆ ಬಾಚಿದೆ, ಬಾಚಿಸಿಕೊಂಡೆ. ಡಿಪೋ ಮ್ಯಾನೇಜರನ ಮುಂದೆ ನಾನು ಕುರ್ಚಿ ಎಳೆದುಕೊಂಡು ಕೂತದ್ದು ನಿನಗೆ ಮುಜುಗರವಾಯಿತು ಎಂದು ಗೊತ್ತು. "ಇವರು ಗಾಡಿ ಓಡಿಸ್ತಾರೆ ಅಂತ ಯಾರು ಗ್ಯಾರಂಟಿ?" ಅಂದ. "ಡಾಕ್ಟ್ರು ಬರೆದುಕೊಟ್ಟಿದಾರಲ್ಲಪ್ಪ. ಅದೂ ಸಾಲ್ದಿದ್ರೆ ನಾನು ಹಿಂದಿನ ಸೀಟಲ್ಲಿ ಕೂತಿರ್ತೀನಿ, ಟಿಕೆಟ್ ತಗೊಂಡು," ಅಂದೆ. ಕೊಟ್ಟ ಮಾತಿನಂತೆ ಕೂತೆ. ನಿನ್ನ ಬಸ್ಸಿನ ಸೀಟು ಗಟ್ಟಿ. ಕೊನೆಯ ದಿನ ಕೊನೆಯ ಟ್ರಿಪ್ಪಿನಲ್ಲಿ ನಿದ್ದೆ ಹೋಗಿಬಿಟ್ಟೆ, ಎಚ್ಚರವಾದಾಗ ಡಿಪೋ. ಕಾವಲು ಕೂತವಳು ಹಾಗೆ ಮಲಗಬಾರದಿತ್ತು.

ನೀನು ಬರೆದಿದ್ದ ಆ ಎಣ್ಣೆಯ ಮಾತಿಗೆ ನಾನು ಉತ್ತರ ಕೊಟ್ಟಿಲ್ಲ. ನನ್ನ ಬಾಯಿ ನನ್ನದು, ಈ ವಯಸ್ಸಿನಲ್ಲಿ ಬೇರೆಯವರದ್ದು ತಂದು ಇಟ್ಟುಕೊಳ್ಳಲು ಆಗುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ವಾರ್ಡಿನಲ್ಲಿ ಯಾರಾದರೂ ಹೋದಾಗ, ಅಳುವವರನ್ನು ಅವರ ಪಾಡಿಗೆ ಬಿಡಿ, ಅಳದೆ ನಿಂತವರಿಗೆ ಮೊದಲು ಕುರ್ಚಿ ಕೊಡಿ ಎಂದು ಹೊಸ ಹುಡುಗಿಯರಿಗೆ ಹೇಳಿಕೊಡುತ್ತಿದ್ದವಳು ನಾನೇ.

ಒಂಟಿ ನಿನ್ನಲ್ಲೂ ತಿನ್ನಲಿಲ್ಲ, ದಾರಿಯಲ್ಲೂ ತಿನ್ನಲಿಲ್ಲ. ಆದರೂ ಬದುಕಿದೆ. ಹೊಟ್ಟೆ ಒಂಚೂರು ತುಂಬಿದ ಹಾಗೆ ಕಾಣುತ್ತದೆ. ನನ್ನ ಕಣ್ಣೋ ಏನೋ.

ನಿನ್ನ ಅತ್ತೆ


ಜುಲೈ 22

ಅತ್ತೆ,

ನಿಮ್ಮ ಕಣ್ಣು ಸರಿಯಾಗಿದೆ.

ನೀವು ಮಲಗಿದ್ದು ಕಾರ್ಖಾನೆ ದಾಟಿದ ಮೇಲೆ. ಜನರೆಲ್ಲ ಅಲ್ಲೇ ಇಳಿದಿದ್ದರು, ಕಂಡಕ್ಟರ್ ಕೂಡ ಮನೆ ಹತ್ತಿರವೆಂದು ಇಳಿದುಕೊಂಡಿದ್ದ. ಕನ್ನಡಿಯಲ್ಲಿ ನೋಡಿದೆ. ತಲೆ ಕಿಟಕಿಗೆ ಆನಿಸಿ, ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಿರಿ. ಎರಡೂ ಕೈ ಮಡಿಲಿನ ಡಬ್ಬಿಯ ಮೇಲಿದ್ದವು. ಡಬ್ಬಿ ಜಾರುತ್ತಿತ್ತು. ಕಲ್ಲುಗಣಿಯಲ್ಲಿ ಬಸ್ ನಿಲ್ಲಿಸಿ ಬಂದು ಡಬ್ಬಿ ತೆಗೆದುಕೊಂಡೆ. ನೀವು ಏಳಲಿಲ್ಲ.

ಹೊರಡಲು ಇನ್ನೂ ಹೊತ್ತಿತ್ತು. ಸಂಜೆಯಾಗಿತ್ತು, ಗಣಿಯ ಗೋಡೆಯ ನೆರಳು ಬಸ್ಸಿನೊಳಗೆ ಬಂದಿತ್ತು. ನಿಮ್ಮ ಚೀಲದಿಂದ ಹುಳದ ಪೊಟ್ಟಣ, ಚಿಮಟ, ನೀರಿನ ಬಾಟಲಿ ತೆಗೆದೆ. ಮೆಟ್ಟಿಲ ಮೇಲೆ ಕೂತು ಡಬ್ಬಿಯನ್ನು ತೊಡೆಯ ಮೇಲಿಟ್ಟು ಮುಚ್ಚಳ ತೆಗೆದೆ. ಒಂಟಿ ಪಾಚಿಯ ಮೇಲೆಯೇ ಇತ್ತು. ಅಡಗಲು ಅಲ್ಲಿ ಜಾಗವಿರಲಿಲ್ಲ. ಇದ್ದುದರಲ್ಲೇ ಸಣ್ಣ ಹುಳ ಆರಿಸಿ ತೊಳೆದು ಹಿಡಿದೆ. ತುಂಡು ಮಾಡಲಿಲ್ಲ. ನಿಮ್ಮ ಮಗ ಒಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡು ಇನ್ನೊಂದು ಕೈಯಿಂದ ಚಿಮಟ ಹಿಡಿಯುತ್ತಿದ್ದರು, ನಡುಗಬಾರದೆಂದು. ಹಾಗೇ ಹಿಡಿದೆ. ಹುಳ ಒಮ್ಮೆ ಸುರುಳಿಯಾಯಿತು, ಒಮ್ಮೆ ಬಿಚ್ಚಿಕೊಂಡಿತು. ಒಂಟಿ ನೋಡುತ್ತಲೇ ಇತ್ತು. ನನ್ನ ಕೈ ಮರಗಟ್ಟಿತು. ಆಮೇಲೆ ಅದು ತಲೆ ಬಗ್ಗಿಸಿ, ಮೇಲಿಂದ ನೋಡಿ, ಕಚ್ಚಿತು. ತಪ್ಪಿಹೋಯಿತು. ಮತ್ತೆ ಕಚ್ಚಿತು. ಈ ಸಲ ಸಿಕ್ಕಿತು. ಅರ್ಧ ಹೊರಗೆ ಅರ್ಧ ಒಳಗೆ ಇಟ್ಟುಕೊಂಡು ಸುಮಾರು ಹೊತ್ತು ಕೂತಿತು, ನುಂಗುವುದೋ ಉಗುಳುವುದೋ ಎಂದು. ಕಣ್ಣು ಒಳಕ್ಕೆ ಎಳೆದುಕೊಂಡಿತು. ನುಂಗಿತು.

ಇನ್ನೊಂದು ಕೊಟ್ಟೆ. ಅದನ್ನೂ ತಿಂದಿತು.

ನಿಮ್ಮನ್ನು ಎಬ್ಬಿಸಿ ಹೇಳಬೇಕಿತ್ತು. ಮರುದಿನ ರೈಲಿನ ಹತ್ತಿರ ಹೇಳಬಹುದಿತ್ತು. ಒಂದು ಹೇಳಲು ಹೋದರೆ ಉಳಿದದ್ದೆಲ್ಲ ಹೇಳಬೇಕಾಗುತ್ತದೆ ಅನ್ನಿಸಿತು.

ಬಸ್ ನಿಂತ ದಿನದ ಬಗ್ಗೆ ನೀವು ಕೇಳಲಿಲ್ಲ. ನಿಮ್ಮ ಮೇ ತಿಂಗಳ ಕಾಗದ ಅಂಗಿಯ ಜೇಬಿನಲ್ಲಿತ್ತು. ಗಂಡ ಸತ್ತಾಗ ಬಾರದ ದುಃಖ ಒಂದು ನ್ಯೂಟ್ ಸತ್ತಾಗ ಬಂತು ಎಂದು ನೀವು ತಿಳಿಯುವುದು ಬೇಡ. ಏನೂ ಬರಲಿಲ್ಲ. ಕೈ ನಿಂತಿತು ಅಷ್ಟೇ. ಜನ ಕೂಗುತ್ತಿದ್ದುದು ಕೇಳುತ್ತಿತ್ತು. ಅವರಿಗೆ ತಡವಾಗುತ್ತಿದೆ ಎಂದು ಗೊತ್ತಿತ್ತು. ಮುಂದೆ ಏನು ಮಾಡಬೇಕೆನ್ನುವುದು ಮಾತ್ರ ಗೊತ್ತಿರಲಿಲ್ಲ.

ನೀವು ಕೇಳದೆ ಬಿಟ್ಟದ್ದಕ್ಕೆ ಈಗ ಉತ್ತರ ಬರೆಯುತ್ತೇನೆ. ಅವರ ಮುಖಕ್ಕೆ ಏನೂ ಆಗಿರಲಿಲ್ಲ. ಬಾಯಿ ಮುಚ್ಚಿತ್ತು. ಕಿವಿಯ ಹತ್ತಿರ ಕೂದಲಿಗೆ ಗ್ರೀಸ್ ಮೆತ್ತಿತ್ತು, ಕೆಲಸದಿಂದ ಬಂದಾಗ ಯಾವಾಗಲೂ ಇರುತ್ತಿತ್ತಲ್ಲ, ಅಷ್ಟೇ. ಸೆರಗಿನಿಂದ ಒರೆಸಲು ಹೋದೆ. ಮುಟ್ಟಬೇಡಿ ಅಂದರು. ಅದಕ್ಕೇ ಬೇಗ ಹೊರಗೆ ಬಂದೆ. ನಿದ್ದೆ ಮಾಡುವಾಗ ನಿಮ್ಮ ಹಾಗೇ ಕಾಣುತ್ತಿದ್ದರು. ಅದು ನನಗೆ ಗೊತ್ತಾಗಿದ್ದು ಆವತ್ತು ಕನ್ನಡಿಯಲ್ಲಿ.

ಮುಂದಿನ ತಿಂಗಳ ರಜೆ ಬರೆದುಕೊಟ್ಟಿದ್ದೇನೆ. ಬರುತ್ತೇನೆ. ಅಲ್ಲಿಯವರೆಗೆ ಒಂಟಿಗೆ ಇಡೀ ಹುಳವನ್ನೇ ಕೊಡಿ, ಸಣ್ಣದು ನೋಡಿ. ತೊಗಟೆಯ ಬದಿಗೆ ಬೇಡ, ಬಯಲಲ್ಲಿ ಹಿಡಿಯಿರಿ.

ಆವತ್ತು ಕಲ್ಲುಗಣಿಯಿಂದ ಬರುವಾಗ ಮೂರನೇ ಗೇರಿಗೆ ಹೋಗಲೇ ಇಲ್ಲ. ಉಬ್ಬು ಬಂದಲ್ಲೆಲ್ಲ ಪೂರ್ತಿ ನಿಲ್ಲಿಸಿ, ಹತ್ತಿಸಿ, ಇಳಿಸಿದೆ. ಕನ್ನಡಿಯಲ್ಲಿ ನಿಮ್ಮ ತಲೆ ಕಿಟಕಿಗೆ ಬಡಿಯದ ಹಾಗೆ ನೋಡಿಕೊಳ್ಳುತ್ತಿದ್ದೆ. ಡಿಪೋ ಗೇಟಿನಲ್ಲಿ ಮ್ಯಾನೇಜರ್ ನಿಂತಿದ್ದರು. "ಯಾಕ್ರೀ ಇಷ್ಟು ಲೇಟು? ಮತ್ತೆ ಏನಾದ್ರೂ ಆಯ್ತಾ?" ಅಂದರು.

"ರಸ್ತೆ ಹಾಳಾಗಿದೆ ಸಾರ್," ಅಂದೆ.

ರಸ್ತೆ ಚೆನ್ನಾಗಿಯೇ ಇತ್ತು, ಅತ್ತೆ.

ನಿಮ್ಮ ಸೊಸೆ